ಮಳೆಗಾಲದ ಮಲೆನಾಡಲ್ಲಿ ಸೂರ್ಯನ ದಿನಚರಿ: ನನ್ನ ಅನುಭವ

ಮಲೆನಾಡಿನಲ್ಲಿ ಕೂತು, ಮಳೆಗಾಲದಲ್ಲೂ ದಿನಾ ಸೂರ್ಯನ ಲೆಕ್ಕ ಬರೆಯಬಹುದು. ಶಿವಮೊಗ್ಗದ ಆಕಾಶ ನೋಡುವ ಗೆಳೆಯರು ಇದನ್ನು ಒಪ್ಪಿರಲಿಲ್ಲ. "ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ಹೊಸನಗರದ ಕಡೆ ಸೂರ್ಯನೇ ಇರಲ್ಲ, ಎಂತ ನೋಡ್ತೀರಿ ಮಾರಾಯ್ರೆ?" ಅಂತ ಕೇಳುತ್ತಿದ್ದರು. 2024ರ ಜುಲೈ ಮುಗಿದ ಮೇಲೆ ಅವರೇ ಮನೆಗೆ ಬಂದು ಗ್ರಾಫ್ ನೋಡಿ ಹೋದರು. ಈಗ ಅವರಲ್ಲಿ ಇಬ್ಬರು ರೇಡಿಯೊ ಸಿಗ್ನಲ್ ಹಿಡಿಯುವ ತಂತಿ ಕಾಯಿಲ್ ಸುತ್ತುತ್ತಿದ್ದಾರೆ. ಅವರಿಗೂ, ಮುಂದೆ ಕೈ ಹಾಕುವವರಿಗೂ ಅನುಕೂಲ ಆಗಲಿ ಅಂತ ಬರೆಯುತ್ತಿದ್ದೇನೆ.

ಬೇಸಿಗೆಯ ಲೆಕ್ಕ ಎಲ್ಲರಿಗೂ ಗೊತ್ತಿರುವಂಥದ್ದೇ. ಸಣ್ಣ ದೂರದರ್ಶಕದಿಂದ ಬಿಳಿ ಹಾಳೆ ಮೇಲೆ ಬಿಂಬ ಬೀಳಿಸುವುದು, ಸೂರ್ಯನ ಮೇಲಿನ ಕಪ್ಪು ಕಲೆಗಳ ಗುಂಪು ಎಣಿಸುವುದು, ಗುಂಪನ್ನು ಹತ್ತರಿಂದ ಗುಣಿಸಿ ಬಿಡಿ ಕಲೆ ಕೂಡಿಸುವುದು. ನವೆಂಬರ್‌ನಿಂದ ಮೇವರೆಗೆ ನನ್ನ ಪುಸ್ತಕ ಚೆನ್ನಾಗಿ ತುಂಬುತ್ತಿತ್ತು. ಆಮೇಲೆ ನಾಲ್ಕು ತಿಂಗಳು ಖಾಲಿ. ಸುಮಾರು ಹನ್ನೊಂದು ವರ್ಷಕ್ಕೊಮ್ಮೆ ಕಲೆ ಹೆಚ್ಚಿ ಕಡಿಮೆಯಾಗುವ ಸೂರ್ಯನ ಚಕ್ರಗಳಲ್ಲಿ 25ನೆಯದು ಶುರುವಾದದ್ದು 2019ರ ಡಿಸೆಂಬರ್‌ನಲ್ಲಿ. ಅದು ಏರುತ್ತಾ ಹೋಗುವ ವರ್ಷಗಳಲ್ಲೇ ಮೂರನೇ ಒಂದು ಪಾಲು ದಾಖಲೆ ಇಲ್ಲ ಅಂದರೆ ಹೇಗೆ? ಇಂಥ ಏರು ಮತ್ತೆ ಸಿಗುವುದು ಹನ್ನೊಂದು ವರ್ಷಕ್ಕೆ.

ಮೋಡ ತಡೆಯದ ದಾರಿ ಅಂದರೆ ರೇಡಿಯೊ. ಸೂರ್ಯನಲ್ಲಿ ಫ್ಲೇರ್ (ದೊಡ್ಡ ಸ್ಫೋಟ) ಆದಾಗ ಎಕ್ಸ್-ಕಿರಣ ಎಂಟು ನಿಮಿಷ ಚಿಲ್ಲರೆಯಲ್ಲಿ ಭೂಮಿಗೆ ಬರುತ್ತದೆ. ಬಂದು, ವಾತಾವರಣದ ಮೇಲ್ಭಾಗದಲ್ಲಿ ವಿದ್ಯುತ್ ಕಣಗಳಿರುವ ಅಯಾನುಗೋಳದ ಅತಿ ಕೆಳಗಿನ ಡಿ ಪದರವನ್ನು ಗಟ್ಟಿ ಮಾಡುತ್ತದೆ. ಆಗ ಆ ಪದರಕ್ಕೆ ತಾಗಿ ಬರುವ, ತೀರ ಕಡಿಮೆ ಕಂಪನದ ರೇಡಿಯೊ, ಅಂದರೆ ವಿಎಲ್‌ಎಫ್ ಸಿಗ್ನಲ್‌ನ ಬಲ ಬದಲಾಗುತ್ತದೆ. ಜಲಾಂತರ್ಗಾಮಿಗಳಿಗಾಗಿ ನೌಕಾಪಡೆಗಳು ನಡೆಸುವ ಪ್ರಸಾರ ಕೇಂದ್ರಗಳು ನಮಗೆ ಪುಕ್ಕಟೆ ಸಿಗುವ ದೀಪ ಇದ್ದ ಹಾಗೆ. ನಾನು ಹಿಡಿಯುವುದು ಎರಡನ್ನು. ಒಂದು ತಿರುನೆಲ್ವೇಲಿ ಬಳಿಯ ನಮ್ಮದೇ ವಿಟಿಎಕ್ಸ್, 18.2 ಕಿಲೋಹರ್ಟ್ಸ್. ಇಲ್ಲಿಂದ ಆರು ನೂರೈವತ್ತು, ಏಳು ನೂರು ಕಿಲೋಮೀಟರ್ ಇರಬಹುದು. ಇನ್ನೊಂದು ಪಶ್ಚಿಮ ಆಸ್ಟ್ರೇಲಿಯಾದ ಎನ್‌ಡಬ್ಲ್ಯುಸಿ, 19.8 ಕಿಲೋಹರ್ಟ್ಸ್. ಅದು ಐದೂವರೆ ಸಾವಿರ ಕಿಲೋಮೀಟರ್‌ಗಿಂತ ಆಚೆ. ಆದರೆ ಅದರ ಶಕ್ತಿ ಒಂದು ಮೆಗಾವಾಟ್, ದಾರಿಯೂ ಬಹುಪಾಲು ಸಮುದ್ರದ ಮೇಲೆ. ಹಾಗಾಗಿ ಹತ್ತಿರದ ಕೇಂದ್ರದಷ್ಟೇ ಶುಭ್ರವಾಗಿ ಸಿಗುತ್ತದೆ.

ಈ ಸಿಗ್ನಲ್ ಹಿಡಿಯುವ ಕಾಯಿಲಿಗೆ ಮೊದಲ ಚೌಕಟ್ಟು ಬಿದಿರಿನದು. ಒಂದು ಮೀಟರ್ ಚೌಕ, ಸುಮಾರು ಐವತ್ತು ಸುತ್ತು, 26 ಗೇಜಿನ ಎನಾಮಲ್ ತಂತಿ. ತಂತಿ ಕಾಲು ಕೆಜಿಗಿಂತ ಸ್ವಲ್ಪ ಜಾಸ್ತಿ ಹಿಡಿಯಿತು, ಮುನ್ನೂರು ರೂಪಾಯಿ ಆಸುಪಾಸು. ಎಂಟು-ಒಂಬತ್ತು ನ್ಯಾನೊಫ್ಯಾರಡ್ ಕೆಪಾಸಿಟರ್ ಹಾಕಿದರೆ 18ರ ಹತ್ತಿರ ಟ್ಯೂನ್ ಆಗುತ್ತದೆ. ಅಂಗಳದ ಮೂಲೆಯಲ್ಲಿ ನಿಲ್ಲಿಸಿದೆ. ಡಿಸೆಂಬರ್‌ನಲ್ಲಿ ಚೆನ್ನಾಗಿತ್ತು. ಜೂನ್ ಎರಡನೇ ವಾರಕ್ಕೆ ಸತ್ತುಹೋಯಿತು. ಬಿದಿರು ನೀರು ಕುಡಿದು ಉಬ್ಬಿತು. ತಂತಿಗೆ ಸುತ್ತಿದ್ದ ಹತ್ತಿ ಪಟ್ಟಿ ಒದ್ದೆಯಾಗಿ ಟ್ಯೂನಿಂಗ್ ಎಲ್ಲೋ ಹೋಯಿತು. ಮುಂದಿನ ವರ್ಷ ಅಡಿಕೆ ದಬ್ಬೆಯ ಚೌಕಟ್ಟು ಮಾಡಿ ಪ್ಲಾಸ್ಟಿಕ್ ಹೊದಿಸಿದೆ. ಒಳಗೆ ಬೆವರು ಕಟ್ಟಿತು, ಇರುವೆ ಗೂಡು ಮಾಡಿತು. ಮೂರನೆಯದಕ್ಕೆ ಪಿವಿಸಿ ಪೈಪು. ನೀರು ಒಳಗೆ ಹೋಗಲಿಲ್ಲ. ಆದರೆ ಇಲಿ ಕೇಬಲ್ ಕಡಿಯಿತು.

ಕೊನೆಗೆ ನಿಂತದ್ದು ಹೀಗೆ. ಕಾಯಿಲನ್ನು ಮೋಟಾರ್ ರೀವೈಂಡಿಂಗ್ ಅಂಗಡಿಗೆ ಒಯ್ದೆ. ಅವರು ಮೋಟಾರಿಗೆ ಹಾಕುವ ವಾರ್ನಿಷ್‌ನಲ್ಲೇ ಪೂರ್ತಿ ಅದ್ದಿ, ಬಿಸಿ ಮಾಡಿ ಒಣಗಿಸಿ ಕೊಟ್ಟರು. ಅದನ್ನು ತಂದು ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಕಟ್ಟಿದೆ. ಊರಲ್ಲಿ ಮಳೆಗಾಲದಲ್ಲೂ ಒಣಗಿರುವ ಜಾಗ ಅಂದರೆ ಅದೊಂದೇ, ಅಲ್ವಾ? ನಮ್ಮದು ಹಂಚಿನ ಮಾಡು. ಈ ತರಂಗಕ್ಕೆ ಹಂಚು ಲೆಕ್ಕಕ್ಕೇ ಇಲ್ಲ. ತಗಡಿನ ಮಾಡು ಇದ್ದವರು ಈ ಜಾಗ ನಂಬಬೇಡಿ. ಚೌಕಟ್ಟಿನ ಅಂಚು ಆಗ್ನೇಯಕ್ಕೆ, ಸ್ವಲ್ಪ ದಕ್ಷಿಣಕ್ಕೆ ಎಳೆದ ಹಾಗಿರಲಿ. ಆಗ ಎರಡೂ ಕೇಂದ್ರ ಸಿಗುತ್ತವೆ.

ಒದ್ದೆಗಿಂತ ದೊಡ್ಡ ಕಾಟ ಕರೆಂಟಿನದು. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್, ಎಲ್ಲವೂ ಇದೇ ರೇಡಿಯೊ ಬ್ಯಾಂಡಿನಲ್ಲಿ ಕಿರುಚುತ್ತವೆ. ಅಡಿಕೆ ಸುಲಿಯುವ ಮಷೀನು ಶುರುವಾದರೆ ಸಂಜೆವರೆಗೆ ಗ್ರಾಫ್ ಪೂರ್ತಿ ಕಪ್ಪು. ಅದು ಕೊಯ್ಲಿನ ಕಾಲದ್ದು, ಆಗ ಬಿಸಿಲಿದೆ, ಕಲೆ ಎಣಿಸಬಹುದು. ಹಾಗಾಗಿ ಅದನ್ನು ಬಿಟ್ಟೆ. ಬಿಡಲಾಗದ್ದು ತೋಟದ ಸೋಲಾರ್ ಬೇಲಿ. ಸೆಕೆಂಡಿಗೊಂದು ಸಲ ಟಕ್, ಟಕ್ ಅಂತ ಹೊಡೆಯುತ್ತದೆ. ಬೇಲಿ ಬಂದ್ ಮಾಡಿದರೆ ಹಂದಿ ಒಂದೇ ರಾತ್ರಿಗೆ ತೋಟ ಉಳುತ್ತದೆ. ಒಬ್ಬ ಮಾರಾಟಗಾರ ಆನ್‌ಲೈನಿನಲ್ಲಿ ಫಿಲ್ಟರ್ ಮಾಡ್ಯೂಲ್ ಅಂತ ಎರಡೂವರೆ ಸಾವಿರಕ್ಕೆ ಕಳಿಸಿದ. ಒಳಗೆ ಇದ್ದದ್ದು ಆಡಿಯೊ ಆಂಪ್ಲಿಫಯರ್ ಅಷ್ಟೇ. ವಾಪಸ್ ತಗೊಳ್ಳಲಿಲ್ಲ. ಆಮೇಲೆ ಎರಡನೇ ಸಣ್ಣ ಕಾಯಿಲ್ ಒಂದನ್ನು ಬೇಲಿ ಕಡೆ ಇಟ್ಟು, ಅದರ ಸದ್ದನ್ನು ಮೊದಲನೆಯದರಿಂದ ಕಳೆಯುವ ಉಪಾಯ ಮಾಡಿದೆ. ಟಕ್ ಟಕ್ ಪೂರ್ತಿ ಹೋಗದಿದ್ದರೂ ಮುಕ್ಕಾಲು ಪಾಲು ಹೋಯಿತು. ಸುತ್ತು ಎಷ್ಟು, ಯಾವ ಕೋನ ಅನ್ನುವುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಇನ್ನೊಂದು ಮಳೆಗಾಲ ನಿಂತರೆ ಹೇಳುತ್ತೇನೆ.

ಕಾಯಿಲಿನ ಸಿಗ್ನಲ್ ತೆಗೆದುಕೊಂಡು ಗ್ರಾಫ್ ಬಿಡಿಸುವ ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್) ಮತ್ತು ಸೌಂಡ್ ಕಾರ್ಡ್ ನಡೆಯುವುದು ಬೇರೆಯೇ ಬ್ಯಾಟರಿ ಮೇಲೆ, ಅದೂ ಐದು ವೋಲ್ಟ್‌ಗೆ ಇಳಿಸುವ 7805 ರೆಗ್ಯುಲೇಟರ್‌ನಿಂದ. ತುಂಬ ಬಿಸಿಯಾಗುತ್ತದೆ, ದೊಡ್ಡ ಹೀಟ್ ಸಿಂಕ್ ಬೇಕು, ಬ್ಯಾಟರಿ ಶಕ್ತಿಯ ಅರ್ಧಕ್ಕಿಂತ ಹೆಚ್ಚು ಬಿಸಿಯಾಗಿಯೇ ಹೋಗುತ್ತದೆ. ಆದರೂ ಮೊಬೈಲ್ ಚಾರ್ಜರ್ ಥರ ಕಿರುಚುವ ಸ್ವಿಚಿಂಗ್ ಸಪ್ಲೈ ಬೇಡವೇ ಬೇಡ. ಪವರ್ ಬ್ಯಾಂಕೂ ಬೇಡ. ಸೌಂಡ್ ಕಾರ್ಡ್ 48 ಕಿಲೋಹರ್ಟ್ಸ್‌ನದು ಸಾಕು, 24ರವರೆಗೆ ಸಿಗುತ್ತದೆ. ತೊಂಬತ್ತಾರರದಕ್ಕೆ ದುಡ್ಡು ಹಾಕಿ ನೋಡಿದ್ದೇನೆ. ನನಗೆ ಏನೂ ಹೆಚ್ಚು ಸಿಗಲಿಲ್ಲ.

ಅತಿ ದೊಡ್ಡ ನಷ್ಟ ಮಾಡಿದ್ದು ಏಪ್ರಿಲ್ ಸಿಡಿಲು. ಲ್ಯಾಪ್‌ಟಾಪ್ ಮದರ್‌ಬೋರ್ಡ್, ಕಾರ್ಡ್ ಎರಡೂ ಹೋದವು, ಒಂಬತ್ತು ಸಾವಿರ ಚಿಲ್ಲರೆ. ಈಗ ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಮೂರಕ್ಕೆ ಎಲ್ಲ ಬಿಚ್ಚಿಡುತ್ತೇನೆ. ಹೇಗೂ ಆ ಹೊತ್ತಿಗೆ ಮಿಂಚಿನ ಸದ್ದು ಬಿಟ್ಟು ಬೇರೇನೂ ಬರುವುದಿಲ್ಲ. ಜುಲೈ ಮಳೆ ಹಾಗಲ್ಲ. ಜೋರಾಗಿ ಹೊಯ್ಯುತ್ತದೆ, ಗುಡುಗು ಕಡಿಮೆ. ವಿಎಲ್‌ಎಫ್‌ಗೆ ಮಲೆನಾಡಿನ ಮಳೆಗಾಲವೇ ಒಳ್ಳೆ ಕಾಲ ಅನ್ನುವುದು ನನಗೆ ಇದರಿಂದ ಸಿಕ್ಕ ದೊಡ್ಡ ಪಾಠ. ಒಟ್ಟು ಖರ್ಚು ಇಪ್ಪತ್ತೈದು ಸಾವಿರ ದಾಟಿದೆ. ಇವತ್ತು ಹೊಸದಾಗಿ ಮಾಡುವವರಿಗೆ, ಹಳೆ ಕಂಪ್ಯೂಟರ್ ಒಂದು ಮನೆಯಲ್ಲಿದ್ದರೆ, ಮೂರು ಸಾವಿರ ಸಾಕು.

2024ರ ಮೇ ತಿಂಗಳಲ್ಲಿ ಮೊದಲ ದೊಡ್ಡ ಫಲ ಬಂತು. 3664 ಅನ್ನುವ ಕಲೆಗುಂಪು ಆಗ ಹದಿನೈದು ಭೂಮಿಯಷ್ಟು ಅಗಲ ಇತ್ತು, ಗ್ರಹಣದ ಕನ್ನಡಕದಲ್ಲೇ ಕಾಣುತ್ತಿತ್ತು. ಮೇ 11ರ ಬೆಳಿಗ್ಗೆ 6 ಗಂಟೆ 53 ನಿಮಿಷಕ್ಕೆ ಅದರಲ್ಲಿ ಎಕ್ಸ್ 5.8 ಫ್ಲೇರ್ (ಫ್ಲೇರ್‌ಗೆ ಸಿ, ಎಂ, ಎಕ್ಸ್ ಅಂತ ಏರುವ ದರ್ಜೆ, ಎಕ್ಸ್ ಅತಿ ಜೋರಿನದು). ಸೂರ್ಯೋದಯಕ್ಕೆ ಸಿಗ್ನಲ್‌ನಲ್ಲಿ ಬರುವ ಏರಿಳಿತ ಮುಗಿದು ಗ್ರಾಫಿನ ಗೆರೆ ಆಗಷ್ಟೇ ಸಮ ಆಗಿತ್ತು. ಅಲ್ಲಿಂದ ಎನ್‌ಡಬ್ಲ್ಯುಸಿ ನೆಟ್ಟಗೆ ಎದ್ದಿತು. ಕೆಲವೇ ನಿಮಿಷದಲ್ಲಿ ತುದಿ, ಆಮೇಲೆ ಗಂಟೆಗೂ ಮೀರಿ ನಿಧಾನವಾಗಿ ಇಳಿಜಾರು. ಖುಷಿಯಿಂದ ಗೆಳೆಯರಿಗೆ ಕಳಿಸಿದೆ. "ಈ ಸೌರ ಬಿರುಗಾಳಿ ಇಡೀ ಜಗತ್ತಿಗೇ ಗೊತ್ತಿತ್ತು. ಯಾರಿಗೂ ಗೊತ್ತಿಲ್ಲದ್ದನ್ನು ಮಳೆಯಲ್ಲಿ ಹಿಡಿದು ತೋರಿಸಿ" ಅಂದರು. ಸರಿ ಅಂದೆ.

ಜುಲೈ ಬಂತು. 14ರ ಭಾನುವಾರ ಬೆಳಿಗ್ಗೆ ಮಳೆ ಬಿಟ್ಟಿರಲಿಲ್ಲ. ಹಿಂದಿನ ದಿನದಿಂದ ಕರೆಂಟಿಲ್ಲ, ಟವರೂ ಸತ್ತಿತ್ತು. ಅಂದರೆ ಮೊಬೈಲ್ ನೋಡಿ ಹೇಳಿದೆ ಅನ್ನುವ ಮಾತೇ ಬರುವುದಿಲ್ಲ. ಎಂಟು ಗಂಟೆ ದಾಟುತ್ತಿದ್ದ ಹಾಗೆ ಗೆರೆ ಎದ್ದಿತು. ಮೂರ್ನಾಲ್ಕು ಡೆಸಿಬೆಲ್ ಇದ್ದಿರಬೇಕು. ಪುಸ್ತಕದಲ್ಲಿ ಹೊತ್ತು ಬರೆದು, "ಎಕ್ಸ್ ಆಸುಪಾಸು" ಅಂತ ಷರಾ ಹಾಕಿದೆ. ನೆಟ್‌ವರ್ಕ್ ಬಂದ ಮೇಲೆ ಸೂರ್ಯನ ಎಕ್ಸ್-ಕಿರಣ ಅಳೆಯುವ ಅಮೆರಿಕದ ಗೋಸ್ ಉಪಗ್ರಹದ ದಾಖಲೆ ತೆಗೆದು ನೋಡಿದರೆ ಎಕ್ಸ್ 1.2, ತುದಿ ನಮ್ಮ ಗಂಟೆಯಲ್ಲಿ 8.04. ನನ್ನ ತುದಿ ಎರಡು-ಮೂರು ನಿಮಿಷ ತಡ. ಅದು ಇರಬೇಕಾದದ್ದೇ. ಡಿ ಪದರ ಎಕ್ಸ್-ಕಿರಣಕ್ಕಿಂತ ಸ್ವಲ್ಪ ಹಿಂದೆ ನಡೆಯುತ್ತದೆ. ಆ ತಡ ಕಂಡರೇ ನಿಮ್ಮ ಸರ್ಕ್ಯೂಟ್ ನಿಜ ಹೇಳುತ್ತಿದೆ ಅಂತ ನನ್ನ ನಂಬಿಕೆ.

29ರ ಸೋಮವಾರ ಮತ್ತೆ. ಹೆಚ್ಚೂಕಡಿಮೆ ಅದೇ ಹೊತ್ತು, 8.07ಕ್ಕೆ ಎಕ್ಸ್ 1.5. ಆವತ್ತು ಆಸ್ಟ್ರೇಲಿಯಾದ ಸಿಗ್ನಲ್ ಇರಲಿಲ್ಲ. ವಿಟಿಎಕ್ಸ್ ಒಂದರಲ್ಲೇ ಹಿಡಿದೆ, ಅದೂ ಏರಿಕೆ ಅಲ್ಲ, ಕುಸಿತ. ಹತ್ತಿರದ ಕೇಂದ್ರದಲ್ಲಿ ಹೀಗಾಗುತ್ತದೆ. ನೆಲದ ಮೇಲೆ ಬರುವ ತರಂಗ, ಮೇಲಿಂದ ಬರುವ ತರಂಗ ಸೇರಿ ಒಮ್ಮೆ ಕೂಡುತ್ತವೆ, ಒಮ್ಮೆ ಕಳೆಯುತ್ತವೆ. ಕುಸಿತ ಕಂಡು "ಫ್ಲೇರ್ ಅಲ್ಲ" ಅಂತ ಬಿಟ್ಟುಬಿಡಬೇಡಿ. ಆಕಾರ ನೋಡಿ. ಒಂದು ಬದಿ ಕಡಿದು, ಇನ್ನೊಂದು ಬದಿ ಇಳಿಜಾರು ಇದ್ದರೆ ಅದು ಸೂರ್ಯನದು. ಎರಡೂ ಬದಿ ಕಡಿದಿದ್ದರೆ ಕೇಂದ್ರವನ್ನೇ ನಿಲ್ಲಿಸಿ ಮತ್ತೆ ಶುರು ಮಾಡಿದ್ದಾರೆ. ಈ ಎರಡು ಹಾಳೆ ನೋಡಿದ ಮೇಲೆ ಶಿವಮೊಗ್ಗದವರು ಮಾತಾಡಲಿಲ್ಲ, ತಂತಿ ಎಲ್ಲಿ ಸಿಗುತ್ತದೆ ಅಂತ ಕೇಳಿದರು.

ಈ ಮಧ್ಯೆ ಮಾಡಿದ ಬೇರೆ ಎರಡು ಪ್ರಯೋಗ ಹೇಳಿಬಿಡುತ್ತೇನೆ. ಮೇ 10ರ ರಾತ್ರಿ ಲಡಾಖಿನ ಹಾನ್ಲೆಯಲ್ಲಿ ಕೆಂಪು ಅರೋರಾ (ಸೌರ ಬಿರುಗಾಳಿ ಬಂದಾಗ ಆಕಾಶದಲ್ಲಿ ಹೊಳೆಯುವ ಬೆಳಕು) ಕ್ಯಾಮೆರಾಕ್ಕೆ ಸಿಕ್ಕಿತು. ಮಾರನೇ ರಾತ್ರಿ ನಾವು ಕುಂದಾದ್ರಿ ಮೇಲೆ ಉತ್ತರಕ್ಕೆ ಕ್ಯಾಮೆರಾ ಇಟ್ಟು ಕೂತೆವು. ಊರಿನ ದೀಪದ ಬೆಳಕು ಬಿಟ್ಟು ಏನೂ ಇಲ್ಲ. ನಾವಿರುವುದು 14 ಡಿಗ್ರಿ ಅಕ್ಷಾಂಶದ ಒಳಗೆ, ಹಾನ್ಲೆ 32ರ ಮೇಲೆ. ಭೂಮಿಯ ಕಾಂತಕ್ಷೇತ್ರದ ಅಲುಗಾಟ ಹೇಳುವ ಕೆಪಿ ಅಂಕಿ ತುದಿ ಮುಟ್ಟಿ 9 ಆದರೂ ಮಲೆನಾಡಿಗೆ ಅರೋರಾ ಬರುವುದಿಲ್ಲ. ಅದಕ್ಕಾಗಿ ಯಾರೂ ಪೆಟ್ರೋಲ್ ಸುಡಬೇಡಿ.

ಎರಡನೆಯದು ಉಪ್ಪಿನಕಾಯಿ ಬಾಟಲಿಯ ಮ್ಯಾಗ್ನೆಟೋಮೀಟರ್, ಅಂದರೆ ಭೂಮಿಯ ಕಾಂತಕ್ಷೇತ್ರದ ಬದಲಾವಣೆ ತೋರಿಸುವ ಉಪಕರಣ. ದಾರದಲ್ಲಿ ಅಯಸ್ಕಾಂತ ತೂಗುಬಿಟ್ಟು, ಸಣ್ಣ ಕನ್ನಡಿ ಅಂಟಿಸಿ, ಲೇಸರ್ ಚುಕ್ಕಿ ಗೋಡೆಗೆ ಬೀಳಿಸುವುದು. ಯುರೋಪಿನವರು ಹೊಗಳುವ ಉಪಕರಣ ಇದು. ಮೇ 10ರ ರಾತ್ರಿ ಹತ್ತೂವರೆಗೆ ಬಿರುಗಾಳಿ ಭೂಮಿಗೆ ತಾಗಿದರೂ ನಮ್ಮ ಚುಕ್ಕಿ ಅಲುಗಲೇ ಇಲ್ಲ. ಕಾರಣ ಹುಡುಕುತ್ತಾ ಹೋದೆ. ಉತ್ತರದ ದೇಶಗಳಲ್ಲಿ ಬಿರುಗಾಳಿ ಬಂದರೆ ಸೂಜಿಯ ದಿಕ್ಕೇ ತಿರುಗುತ್ತದೆ. ನಮ್ಮಲ್ಲಿ ದಿಕ್ಕು ಹಾಗೇ ಇದ್ದು, ಉತ್ತರಕ್ಕೆ ಎಳೆಯುವ ಬಲ ಮಾತ್ರ ಇಳಿಯುತ್ತದೆ. ನಮ್ಮಲ್ಲಿರುವ ನಲವತ್ತು ಸಾವಿರ ನ್ಯಾನೊಟೆಸ್ಲಾ ಬಲದಲ್ಲಿ ಆವತ್ತು ಇಳಿದದ್ದು ನಾನೂರರಷ್ಟು, ಶೇಕಡಾ ಒಂದು. ಹಾಗಾಗಿ ಪಕ್ಕದಲ್ಲಿ ಇನ್ನೊಂದು ಅಯಸ್ಕಾಂತ ಇಟ್ಟು, ತೂಗುವುದನ್ನು ಪೂರ್ವ-ಪಶ್ಚಿಮಕ್ಕೆ ನಿಲ್ಲಿಸಿದೆ. ಅಕ್ಟೋಬರ್ 10ರ ಬಿರುಗಾಳಿಯಲ್ಲಿ ಚುಕ್ಕಿ ನಾಲ್ಕು ಬೆರಳು ಸರಿಯಿತು. ಆದರೆ ರಾತ್ರಿ ಚಳಿಗೂ ಅದು ಸರಿಯುತ್ತದೆ, ಜೀಪ್ ಬಂದರೂ ಸರಿಯುತ್ತದೆ. ಅಯಸ್ಕಾಂತವನ್ನು ಮಣ್ಣಲ್ಲಿ ಹೂತು ನೋಡುತ್ತಿದ್ದೇನೆ. ಅಲ್ಲಿವರೆಗೆ ದಿನಚರಿ ಪುಸ್ತಕಕ್ಕೆ ಅದರ ಅಂಕಿ ಸೇರಿಸುವುದಿಲ್ಲ.

ಈಗಿನ ದಿನಚರಿ ಸರಳ. ಬೆಳಿಗ್ಗೆ ಕಾಫಿ ಹೊತ್ತಿಗೆ ಸೂರ್ಯೋದಯದ ಏರಿಳಿತ ಸರಿಯಾದ ಹೊತ್ತಿಗೆ ಬಂದಿದೆಯಾ ನೋಡುವುದು. ಬಂದಿದ್ದರೆ ಕಾಯಿಲ್, ಕಾರ್ಡ್, ಬ್ಯಾಟರಿ ಎಲ್ಲ ಸರಿ ಇವೆ. ಸಂಜೆ ಆರರ ನಂತರ ಇಡೀ ಹಗಲಿನ ಗೆರೆ ನೋಡಿ ಫ್ಲೇರ್ ಗುರುತಿಸುವುದು. ಸಿ ದರ್ಜೆಯಲ್ಲಿ ಐದರ ಮೇಲಿದ್ದರೆ ಸಾಮಾನ್ಯವಾಗಿ ಸಿಗುತ್ತದೆ. ಎಂ ಯಾವುದೂ ಹಗಲಲ್ಲಿ ತಪ್ಪುವುದಿಲ್ಲ. ರಾತ್ರಿಯದು ನಮಗಿಲ್ಲ. ನೆಟ್ ಇದ್ದರೆ ಸೌರಮಾರುತದ (ಸೂರ್ಯನಿಂದ ಬೀಸುವ ಕಣಗಳ) ವೇಗ, ಬಿ-ಜಡ್ (ಅದರ ಕಾಂತಕ್ಷೇತ್ರ ಉತ್ತರಕ್ಕೋ ದಕ್ಷಿಣಕ್ಕೋ ಅನ್ನುವ ಅಂಕಿ), ಕೆಪಿ ಮೂರನ್ನೂ ಪಕ್ಕದಲ್ಲಿ ಬರೆಯುತ್ತೇನೆ. ಬಿ-ಜಡ್ ಗಂಟೆಗಟ್ಟಲೆ ದಕ್ಷಿಣಕ್ಕೆ ನಿಂತರೆ, ಅರೋರಾ ಕಾಣಬಹುದು ಅಂತ ಲಡಾಖಿನಲ್ಲಿರುವ ಗೆಳೆಯನಿಗೆ ಮೆಸೇಜ್. ಹದಿನೈದು ಲಕ್ಷ ಕಿಲೋಮೀಟರ್ ದೂರದಲ್ಲಿ ನಮ್ಮ ಆದಿತ್ಯ-ಎಲ್1 2024ರ ಜನವರಿಯಿಂದ ಕೂತು ನೋಡುತ್ತಿದೆ. ಅದರ ಎಕ್ಸ್-ಕಿರಣದ ಅಂಕಿಗಳ ಜೊತೆ ಬಚ್ಚಲ ಅಟ್ಟದ ಗೆರೆ ಹೋಲಿಸಿ ನೋಡುವುದು ನನಗೆ ನಿಜಕ್ಕೂ ಹೆಮ್ಮೆಯ ಕೆಲಸ.

ಮುಂದಿನ ಗುರಿ 2027ರ ಆಗಸ್ಟ್ 2ರ ಸೂರ್ಯಗ್ರಹಣ. ನಮಗೆ ಅದು ಸಂಜೆ, ಅದೂ ಪಾರ್ಶ್ವಗ್ರಹಣ. ಆಗಸ್ಟ್ ಆದ್ದರಿಂದ ಕಣ್ಣಿಗೆ ಕಾಣುವ ಆಸೆ ಇಟ್ಟುಕೊಂಡಿಲ್ಲ. ಗ್ರಹಣದಲ್ಲಿ ಡಿ ಪದರ ಫ್ಲೇರ್‌ಗೆ ಉಲ್ಟಾ ತೆಳುವಾಗುತ್ತದೆ. ಆ ಹೊತ್ತಿಗೆ ಆಸ್ಟ್ರೇಲಿಯಾದ ಕಡೆ ಕತ್ತಲು, ಹಾಗಾಗಿ ವಿಟಿಎಕ್ಸ್ ಒಂದೇ ಗತಿ. ಆ ಬದಲಾವಣೆ ಹಿಡಿಯಬೇಕಾದರೆ ಬೇಲಿಯ ಸದ್ದು ಇನ್ನೂ ಅರ್ಧ ಇಳಿಯಬೇಕು. ಮೂರನೇ ಕಾಯಿಲಿಗೆ ತಂತಿ ತಂದಿಟ್ಟಿದ್ದೇನೆ, ಕೊಯ್ಲು ಮುಗಿದ ಮೇಲೆ ಸುತ್ತಬೇಕು.