ಫಾರಿನ್‌ಗೆ ಹೊರಟವರು ಕಾರ್ಡ್ ಒಮ್ಮೆ ನೋಡ್ಕೊಳ್ಳಿ

ದೇವನಹಳ್ಳಿ ಏರ್‌ಪೋರ್ಟ್‌ಗೆ ಟ್ಯಾಕ್ಸಿ ಹತ್ತೋ ಮುಂಚೆ ಮನೇಲೇ ಕೂತು ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡ್‌ನ 'ಇಂಟರ್‌ನ್ಯಾಷನಲ್' ಬಟನ್ ಆನ್ ಮಾಡ್ಕೊಳ್ಳಿ. 2020ರ ಆರ್‌ಬಿಐ ನಿಯಮ ಬಂದಾಗಿನಿಂದ ಹೊಸ ಕಾರ್ಡ್ ಭಾರತದೊಳಗೆ ಮಾತ್ರ ನಡೆಯೋ ಹಾಗೆ ಬರುತ್ತೆ. ನಾನು ಮರೆತು ಸಿಂಗಪುರದ ಹೋಟೆಲ್ ಕೌಂಟರ್ ಮುಂದೆ ಪೆಚ್ಚಾಗಿ ನಿಂತಿದ್ದೆ. ಓಟಿಪಿ ಬರೋ ಸಿಮ್‌ಗೆ ರೋಮಿಂಗೂ ಹಾಕಿಸಿರಲಿಲ್ಲ!

ಇನ್ನೊಂದು, ಅಲ್ಲಿ ಕಾರ್ಡ್ ಉಜ್ಜಿದಾಗ ಕೆಲವು ಮಷೀನು 'ರೂಪಾಯೀಲಾ, ಡಾಲರಲ್ಲಾ?' ಅಂತ ಕೇಳುತ್ತೆ. ಪರದೇಶದಲ್ಲಿ ರೂಪಾಯಿ ಕಂಡ್ರೆ ನಮ್ಮೂರವರೇ ಸಿಕ್ಕಷ್ಟು ಖುಷಿ. ಆದ್ರೂ ಒತ್ತಬೇಡಿ. ಆ ರೇಟು ಅಂಗಡಿ ಕಡೆಯವರು ಹಾಕೋದು, ಸಾಮಾನ್ಯವಾಗಿ ದುಬಾರಿ. ಆ ದೇಶದ ದುಡ್ಡನ್ನೇ ಆರಿಸಿ.

ಆ ದೇಶದ ನೋಟು ಬೇಕಾದ್ರೆ ಬೆಂಗಳೂರಿನ ಎಂ.ಜಿ. ರೋಡ್ ಕಡೆ ದುಡ್ಡು ಬದಲಾಯಿಸೋ ಎರಡು ಮೂರು ಅಂಗಡೀಲಿ ರೇಟ್ ವಿಚಾರಿಸಿ. ಎರಡನೇ ಕಾರ್ಡನ್ನ ಪರ್ಸಲ್ಲಿ ಬೇಡ, ಬೇರೆ ಬ್ಯಾಗಲ್ಲಿಡಿ.