ಥಕಾರದ ಚುಕ್ಕಿಗಾಗಿ ಒಂದು ಮಾನಿಟರ್

ನಾನು ಹೊಸ ಮಾನಿಟರ್ ಕೊಂಡದ್ದು ಒಂದು ಚುಕ್ಕಿಯ ದೆಸೆಯಿಂದ. ನಿವೃತ್ತ ಮೇಷ್ಟ್ರೊಬ್ಬರ ಪ್ರಬಂಧಗಳಿಗೆ ಪುಟ ಕಟ್ಟಿಕೊಟ್ಟಿದ್ದೆ. ಪ್ರತಿ ಪುಟದ ನೆತ್ತಿಯ ಮೇಲೆ ಎಂಟು ಪಾಯಿಂಟಿನಲ್ಲಿ ‘ಬದುಕಿನ ಅರ್ಥ’ ಎಂದಿರಬೇಕಿತ್ತು. ಅಚ್ಚಾಗಿ ಬಂದಾಗ ಎಲ್ಲ ಪುಟಗಳಲ್ಲೂ ‘ಬದುಕಿನ ಅರ್ಧ’. ಮೇಷ್ಟ್ರು ಬೈಯಲಿಲ್ಲ. “ನನ್ನ ವಯಸ್ಸಿಗೆ ಅರ್ಧ ಎನ್ನುವುದು ಸ್ವಲ್ಪ ಹೆಚ್ಚೇ ಆಯಿತಮ್ಮ” ಎಂದರು. ಬೈದಿದ್ದರೆ ಮೇಲಿತ್ತು.

ಮೈಸೂರಿನ ಸರಸ್ವತಿಪುರಂನ ಮನೆಯಲ್ಲೇ ಕುಳಿತು ಹದಿನೆಂಟು ವರ್ಷಗಳಿಂದ ಡಿಟಿಪಿ ಮಾಡುತ್ತಿದ್ದೇನೆ. ಆ ಪುಟಗಳನ್ನು ಮೂರು ಬಾರಿ ತಿದ್ದಿದ್ದೆ, ಮೂರು ಬಾರಿಯೂ ತಪ್ಪು ಕಂಡಿರಲಿಲ್ಲ. ಥಕಾರಕ್ಕೂ ಧಕಾರಕ್ಕೂ ಇರುವ ವ್ಯತ್ಯಾಸ ಹೊಟ್ಟೆಯೊಳಗಿನ ಚುಕ್ಕಿಯೊಂದೇ. ನನ್ನ ಹಳೆಯ 24 ಇಂಚಿನ ತೆರೆಯಲ್ಲಿದ್ದದ್ದು 1920×1080 ಪಿಕ್ಸೆಲ್‌ಗಳು, ಅಂದರೆ ಇಂಚಿಗೆ ಸುಮಾರು 92. ಎಂಟು ಪಾಯಿಂಟಿನ ಅಕ್ಷರವನ್ನು ನಿಜವಾದ ಅಳತೆಯಲ್ಲಿ ತೋರಿಸಿದರೆ ಅದಕ್ಕೆ ದಕ್ಕುವ ಎತ್ತರ ಹತ್ತು ಪಿಕ್ಸೆಲ್. ಅಷ್ಟರಲ್ಲೇ ತಲೆಕಟ್ಟು, ಹೊಟ್ಟೆ, ಒತ್ತು ಎಲ್ಲವೂ ಅಡಗಬೇಕು. ಚುಕ್ಕಿ ಬೂದುಬಣ್ಣದ ಮಸಿಯಾಗಿ ಕರಗಿಹೋಗಿತ್ತು.

25 ಸಾವಿರದೊಳಗೆ ಮುಗಿಯಬೇಕೆಂದು ಮೊದಲೇ ಗೆರೆ ಎಳೆದುಕೊಂಡೆ. ಮನೆಯಲ್ಲಿ ಜಗಳ ಶುರುವಾಯಿತು. ಎಂಜಿನಿಯರಿಂಗ್ ಓದುವ ಮಗನಿಗೆ 2560×1440ರ, 165 ಹರ್ಟ್ಸ್‌ನ ತೆರೆ ಬೇಕು; ಹರ್ಟ್ಸ್ ಎಂದರೆ ತೆರೆ ಸೆಕೆಂಡಿಗೆ ಎಷ್ಟು ಬಾರಿ ಚಿತ್ರ ಬದಲಿಸುತ್ತದೆ ಎಂಬ ಲೆಕ್ಕ. “ಅಮ್ಮ, 60 ಹರ್ಟ್ಸ್‌ನಲ್ಲಿ ಆಟ ಆಡುವುದು ಎತ್ತಿನ ಗಾಡಿಯಲ್ಲಿ ರಿಂಗ್ ರಸ್ತೆ ಸುತ್ತಿದಂತೆ” ಎಂದ. ಅವನ ಮಾತು ಸುಳ್ಳಲ್ಲ. ವೇಗದ ಆಟಗಳಲ್ಲಿ ಆ ವ್ಯತ್ಯಾಸ ಕಣ್ಣಿಗೆ ಗೊತ್ತಾಗುತ್ತದೆ. ಆದರೆ ತೆರೆಯ ಮುಂದೆ ದಿನಕ್ಕೆ ಹತ್ತು ಗಂಟೆ ಕೂರುವವಳು ನಾನು, ದುಡ್ಡೂ ನನ್ನದು.

ದೇವರಾಜ ಅರಸು ರಸ್ತೆಯ ಅಂಗಡಿಗೆ ಹೋದಾಗ ಎಲ್ಲ ತೆರೆಗಳಲ್ಲೂ ಗಿಳಿಗಳ ವಿಡಿಯೊ ಓಡುತ್ತಿತ್ತು. ಗಿಳಿ ಯಾವ ತೆರೆಯಲ್ಲಾದರೂ ಚೆನ್ನಾಗಿಯೇ ಕಾಣುತ್ತದೆ. ಪೆನ್‌ಡ್ರೈವ್‌ನಲ್ಲಿ ಒಂದು ಪಿಡಿಎಫ್ ಒಯ್ದಿದ್ದೆ: ಎಂಟು ಪಾಯಿಂಟಿನಲ್ಲಿ ಅರ್ಥ, ಅರ್ಧ, ಶುದ್ಧ, ರಾಷ್ಟ್ರ, ಜ್ಯೋತ್ಸ್ನಾ, ಮಾಹಾತ್ಮ್ಯ. ಅದನ್ನೇ ಹಾಕಿಸಿ ನೋಡಿದೆ. ಅಗ್ಗವಾಗಿದ್ದ 27 ಇಂಚಿನ 1920×1080 ತೆರೆ ನನ್ನ ಹಳೆಯದಕ್ಕಿಂತಲೂ ಮಂಕು. ಅಷ್ಟೇ ಪಿಕ್ಸೆಲ್‌ಗಳನ್ನು ಇನ್ನೂ ಅಗಲಕ್ಕೆ ಹರಡಿದರೆ ಇಂಚಿಗೆ 82ಕ್ಕೆ ಇಳಿಯುತ್ತದೆ. ಅದೇ 27 ಇಂಚಿನ, ಮಗನ ಆಯ್ಕೆಯ ತೆರೆಯಲ್ಲಿ ಇಂಚಿಗೆ 109; ಚುಕ್ಕಿ ಇತ್ತು, ಹುಡುಕಬೇಕಿತ್ತು. ಅಷ್ಟೇ ದೊಡ್ಡ 4ಕೆ, ಅಂದರೆ 3840×2160ರ ತೆರೆಯಲ್ಲಿ 163. ಅದೇ ಅಕ್ಷರಕ್ಕೆ ಹದಿನೆಂಟು ಪಿಕ್ಸೆಲ್ ಎತ್ತರ. ‘ಜ್ಯೋತ್ಸ್ನಾ’ದ ಒತ್ತುಗಳು ಒಂದರ ಮೇಲೊಂದು ಬೀಳದೆ ಬೇರೆ ಬೇರೆಯಾಗಿ ನಿಂತವು. ಅಲ್ಲಿಗೆ ನನ್ನ ಮಟ್ಟಿಗೆ ತೀರ್ಮಾನವಾಯಿತು.

ತೆರೆಗಳಲ್ಲಿ ಐಪಿಎಸ್, ವಿಎ ಎಂದು ಬೇರೆ ಬೇರೆ ಜಾತಿಗಳಿವೆ. ಐಪಿಎಸ್ ತೆರೆಯೇ ಬೇಕೆಂದು ಹಿಡಿದದ್ದಕ್ಕೂ ಕಾರಣವಿದೆ. ವಿಎ ತೆರೆಯಲ್ಲಿ ಕಪ್ಪು ಬಣ್ಣ ಗಾಢವಾಗಿರುತ್ತದೆ, ಆದರೆ ಪಕ್ಕದಿಂದ ನೋಡಿದರೆ ಬಣ್ಣ ಪೇಲವವಾಗುತ್ತದೆ. ಮದುವೆ ಪತ್ರಿಕೆ ಮಾಡಿಸಲು ಬಂದವರು ನನ್ನ ಪಕ್ಕದಲ್ಲೇ ಕುಳಿತು ಅರಿಶಿನ ಸರಿಯಿದೆಯೇ ಎಂದು ಕೇಳುತ್ತಾರೆ. ಪೆಟ್ಟಿಗೆಯ ಮೇಲಿನ ‘1 ಮಿಲಿಸೆಕೆಂಡ್’, ‘ಎಚ್‌ಡಿಆರ್’ ಚೀಟಿಗಳನ್ನು ನಾನು ಓದಲೇ ಇಲ್ಲ.

ಹಣ ಕೊಡುವ ಮೊದಲು ಪೆಟ್ಟಿಗೆ ಬಿಚ್ಚಿಸಿ, ತೆರೆಯ ತುಂಬ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಹಾಕಿಸಿ ಸತ್ತ ಪಿಕ್ಸೆಲ್ ಹುಡುಕಿದೆ. ಅಂಗಡಿಯ ಹುಡುಗನಿಗೆ ಬೇಸರವಾಯಿತು. ಆದರೆ ಒಂದೆರಡು ಪಿಕ್ಸೆಲ್ ಸತ್ತರೆ ಎಷ್ಟೋ ವಾರಂಟಿಗಳು ಅದನ್ನು ದೋಷವೆಂದೇ ಒಪ್ಪುವುದಿಲ್ಲ. ಇಪ್ಪತ್ತೆರಡು ಸಾವಿರ ಚಿಲ್ಲರೆ ಕೊಟ್ಟು ಆಟೊದಲ್ಲಿ ತಂದೆ.

ಮನೆಗೆ ಬಂದ ಮೇಲೆ ಎರಡು ಪೇಚಾಟಗಳು. ಮೌಸ್ ಬಾಣ ಕುಂಟಿಕೊಂಡು ಹೋಗುತ್ತಿತ್ತು. ನನ್ನ ಹಳೆಯ ಕಂಪ್ಯೂಟರ್‌ನ ಎಚ್‌ಡಿಎಂಐ (ತೆರೆಗೆ ಚಿತ್ರ ಕಳಿಸುವ ಕಿಂಡಿ) ಹಳೆಯ 1.4 ಆವೃತ್ತಿಯದು, 4ಕೆಯನ್ನು ಸೆಕೆಂಡಿಗೆ 30 ಬಾರಿಗಿಂತ ಹೆಚ್ಚು ಕಳಿಸಲು ಅದಕ್ಕೆ ಆಗದು. ಕಂಪ್ಯೂಟರಿನ ಹಿಂಬದಿಯಲ್ಲಿ ಡಿಸ್‌ಪ್ಲೇಪೋರ್ಟ್ ಎಂಬ ಇನ್ನೊಂದು ಕಿಂಡಿ ಇತ್ತು, ಅದಕ್ಕೊಂದು ಕೇಬಲ್ ತಂದು ಹಾಕಿದೊಡನೆ 60 ಬಂತು. ಈ ಕೇಬಲ್ಲಿನ ವಿಷಯವನ್ನು ಕೊಳ್ಳುವ ಮೊದಲೇ ನೋಡಿಕೊಳ್ಳಬೇಕಿತ್ತು.

ಎರಡನೆಯದು ನಮ್ಮ ವೃತ್ತಿಯವರಿಗೇ ವಿಶೇಷ. ವಿಂಡೋಸ್‌ನಲ್ಲಿ ಎಲ್ಲವೂ ತೀರ ಚಿಕ್ಕದಾಗಿ ಕಂಡದ್ದರಿಂದ 150 ಪ್ರತಿಶತಕ್ಕೆ ಹಿಗ್ಗಿಸಿಕೊಂಡರೆ ಉಳಿದೆಲ್ಲ ತಂತ್ರಾಂಶಗಳು ಚೊಕ್ಕಟವಾಗಿ ಕಂಡವು, ನಾನು ಪುಟ ಕಟ್ಟುವ ಪೇಜ್‌ಮೇಕರ್ 7 ಮಾತ್ರ ಮಂಜು ಕವಿದಂತೆ. ಅದು 2001ರದು; ಇಂಥ ತೆರೆಗಳು ಬರುತ್ತವೆಂದು ಆಗ ಯಾರು ಎಣಿಸಿದ್ದರು? ಅದರ ಪ್ರಾಪರ್ಟೀಸ್‌ನ ಕಂಪ್ಯಾಟಿಬಿಲಿಟಿ ಭಾಗಕ್ಕೆ ಹೋಗಿ, ಹಿಗ್ಗಿಸುವ ಕೆಲಸವನ್ನು ವಿಂಡೋಸ್ ಮಾಡದಂತೆ ಬದಲಿಸಿದೆ. ಈಗ ಅಕ್ಷರ ಸ್ಪಷ್ಟ, ಮೆನುಗಳು ಸಾಸಿವೆ ಕಾಳು. ಮೆನು ಹೇಗೂ ಬೆರಳಿಗೆ ಬಾಯಿಪಾಠ.

ಮಗನೂ ರಾತ್ರಿ ತನ್ನ ಲ್ಯಾಪ್‌ಟಾಪ್ ಜೋಡಿಸಿಕೊಂಡು ಆಡುತ್ತಾನೆ. 4ಕೆಯಲ್ಲಿ ಆಡಿಸುವ ಶಕ್ತಿ ಅದಕ್ಕಿಲ್ಲ, ನಾಲ್ಕು ಪಟ್ಟು ಪಿಕ್ಸೆಲ್‌ಗಳ ಹೊರೆ. 1920×1080ಕ್ಕೆ ಇಳಿಸಿಕೊಂಡು, ಎತ್ತಿನ ಗಾಡಿಯನ್ನು ಶಪಿಸುತ್ತಲೇ ಆಡುತ್ತಾನೆ.

ತೆರೆಯ ಕಾಲು ಗಿಡ್ಡ, ಎತ್ತರಿಸಲು ಬರುವುದಿಲ್ಲ. ಕೆಳಗೆ ಎರಡು ರೀಮ್ ಕಾಗದ ಇಟ್ಟಿದ್ದೇನೆ. ಅದರ ಮೇಲೆ ಈಗ ಮೇಷ್ಟ್ರ ಎರಡನೆಯ ಮುದ್ರಣ ನಡೆಯುತ್ತಿದೆ. ಮೊನ್ನೆ ಆರನೆಯ ಪ್ರಬಂಧದಲ್ಲಿ ಮತ್ತೊಂದು ‘ಅರ್ಧ’ ಕಂಡು ಎದೆ ಧಸಕ್ಕೆಂದಿತು. ಹಸ್ತಪ್ರತಿ ತೆಗೆದು ನೋಡಿದೆ. ಅರ್ಧ ಸೇರು ಅಕ್ಕಿ.