ಹೆಸರು ಕೆಡಿಸುವವರನ್ನು ಇಂಗ್ಲಿಷಿನಲ್ಲಿ ಏನನ್ನಬೇಕು?

ನಮ್ಮ ಬೀದಿಯವರಿಗೆ ಇಂಗ್ಲಿಷಿನಲ್ಲಿ ದೂರಿನ ಅರ್ಜಿ ಬರೆದುಕೊಡುವಾಗ ನಾನು ಮೊದಲು ಕೇಳುವುದು ಇದನ್ನೇ: ಬಾಯಲ್ಲಿ ಹೇಳಿದ್ದಾ, ಬರೆದು ಹಾಕಿದ್ದಾ? ಸುಳ್ಳನ್ನು ಬಾಯಲ್ಲಿ ಹಬ್ಬಿಸಿದವರು ಸ್ಲ್ಯಾಂಡರರ್. ಬರೆದೋ ಅಚ್ಚು ಹಾಕಿಸಿಯೋ ಹಬ್ಬಿಸಿದವರು ಲೈಬೆಲರ್. ಇಂಗ್ಲೆಂಡಿನ ಕಾನೂನು ಇವೆರಡನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ನಮ್ಮ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್‌ಗೆ ಎರಡೂ ಮಾನನಷ್ಟವೇ. ಹಾಗಾಗಿ ಅರ್ಜಿಯಲ್ಲಿ ಬೈಗುಳ ಬೇಡ, ‘ಡಿಫೇಮ್’ (ಹೆಸರು ಕೆಡಿಸು) ಎಂಬ ಕ್ರಿಯಾಪದ ಸಾಕು. ಏನು ಹೇಳಿದರು, ಎಲ್ಲಿ, ಯಾರ ಮುಂದೆ ಅನ್ನುವುದನ್ನು ಮಾತ್ರ ಬಿಡದೆ ಬರೆಯಿರಿ.

ಬೆನ್ನ ಹಿಂದೆ ಆಡಿಕೊಳ್ಳುವವರು ಬ್ಯಾಕ್‌ಬೈಟರ್. ಅವರು ಹೇಳಿದ್ದು ನಿಜವೂ ಇರಬಹುದು, ಅಲ್ವಾ? ‘ಗಾಸಿಪ್’ ಅಂದರೆ ನೊಂದವರ ಸಂಕಟ ತೀರಾ ಹಗುರವಾಗುತ್ತದೆ. ‘ಕ್ಯಾಲಮ್ನಿಯೇಟರ್’ ಅಂದರೆ ಸುಳ್ಳು ಹೇಳಿ ಹೆಸರು ಕೆಡಿಸುವವರು; ಅರ್ಥ ಸರಿಯೇ, ಆದರೆ ಈಗ ಬಳಕೆ ಕಡಿಮೆ.